ಹತ್ತಿ ರಾಶಿಯ ಬಿಳುಪಿನಲ್ಲಿ ಕಂಡ ಚೆಂಡು

ನಾರಿನ ಚಾಪೆಯನ್ನು ಸರಿಯಾಗಿ ಎಳೆದು ಕಟ್ಟಿದರೆ ಕ್ರಿಕೆಟ್ಟಿನಲ್ಲಿ ಅರ್ಧ ಆಟ ಮುಗಿದಂತೆ. ಇದನ್ನು ನಾನು ಕಲಿತದ್ದು ಸಿಂಧನೂರಿನಲ್ಲಿ, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಹಿಂದಿನ ಬಯಲಿನಲ್ಲಿ, ತುಂಗಭದ್ರೆಯ ನೀರು ಆ ಸೀಮೆಗೆ ಇನ್ನೂ ಬಾರದಿದ್ದ ದಿನಗಳಲ್ಲಿ. ಎರೆ ಭೂಮಿ, ಬಿಸಿಲು ಏರಿದರೆ ಕೈ ಇಳಿಯುವಷ್ಟು ಬಿರುಕು. ಅದರ ಮೇಲೆ ಚೆಂಡು ಹೇಗೆ ಪುಟಿದೀತು? ಅದಕ್ಕೆ ಇಪ್ಪತ್ತೆರಡು ಗಜ ಉದ್ದಕ್ಕೆ ಕರಿ ಮಣ್ಣು ತೆಗೆದು, ಗರಸು ತುಂಬಿ, ನೀರು ಹೊಡೆದು, ಕಣದಲ್ಲಿ ಜೋಳದ ತೆನೆಯ ಮೇಲೆ ಉರುಳಿಸುವ ರೋಣಗಲ್ಲಿಗೆ ಎತ್ತು ಹೂಡಿ ಮೂರು ದಿನ ಹೊಡೆಯುತ್ತಿದ್ದೆವು. ಮೇಲೆ ಚಾಪೆ, ಸುತ್ತಲೂ ಕಬ್ಬಿಣದ ಗೂಟ. ಚಾಪೆ ಸಡಿಲವಾದರೆ ಚೆಂಡು ಎದೆಗೆ ಏಳುತ್ತದೆ, ಬಿಗಿಯಾದರೆ ಸೊಂಟದೆತ್ತರಕ್ಕೆ ಮರ್ಯಾದೆಯಿಂದ ಬರುತ್ತದೆ.

ಚಾಪೆ ಕಟ್ಟುವ ಕೆಲಸ ಊರಿನ ಶಾಮಿಯಾನದ ಚಾಚಾನದು. ಮದುವೆ, ಉರುಸು, ಯಾವುದಕ್ಕೂ ಚಪ್ಪರದ ಹಗ್ಗ ಎಳೆಯುವ ಕೈ ಅವನದು. ಗೂಟ ಹೊಡೆದ ಮೇಲೆ ಒಂದು ಹಳೆಯ ಚೆಂಡನ್ನು ಚಾಪೆಯ ಮೇಲೆ ಬಿಟ್ಟು, ಅದರ ಸದ್ದಿಗೆ ಕಿವಿ ಕೊಡುತ್ತಿದ್ದ. ಸದ್ದು ಮೆಚ್ಚಿಗೆಯಾದರೆ ಬೀಡಿ ಹಚ್ಚುತ್ತಿದ್ದ, ಇಲ್ಲವಾದರೆ ಗೂಟ ಕೀಳುತ್ತಿದ್ದ.

ನಾನು ರಾಯಚೂರಿನಿಂದ ಬಂದವನು, ಸಂಕ್ರಾಂತಿಯ ಮಾರನೆಯ ವಾರ, ಹೆಂಡತಿಯನ್ನೂ ಒಂದು ಬ್ಯಾಟನ್ನೂ ಕರೆದುಕೊಂಡು. ಜಿನ್ನಿನ ಸಾಹುಕಾರರು ನನ್ನ ಹಳೆಯ ಆಟದ ಹೆಸರು ಕೇಳಿ ಕರೆಸಿದ್ದರು. ಹಾಜರಿ ಪುಸ್ತಕದಲ್ಲಿ ನಾನು ಹತ್ತಿ ತೂಗುವ ಕಾಟಾದ ಗುಮಾಸ್ತ. ನಿಜವಾದ ಕೆಲಸ ಬ್ಯಾಟ್ ಮಾಡುವುದು. ಸಾಹುಕಾರರು ಹಣೆ ತುಂಬ ವಿಭೂತಿ ಬಳಿದುಕೊಂಡು, ಹಾಲಿನಂಥ ಧೋತರ ಉಟ್ಟು, ಗೋದಾಮಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಆಟ ನೋಡುತ್ತಿದ್ದರು. ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಬ್ಯಾಟ್ ಹಿಡಿದವರಲ್ಲ. ಆದರೂ ಚೆಂಡು ಬ್ಯಾಟಿನ ನಡುವಿಗೆ ಬಡಿದರೆ, 'ಆಹಾ, ಈಗ ನೋಡು!' ಎಂದು ತೊಡೆ ತಟ್ಟುತ್ತಿದ್ದರು.

ಆ ಮೊದಲ ಒಂದೂವರೆ ತಿಂಗಳು ನನಗೆ ಇಂದಿಗೂ ನಿಜವಾಗಿ ನಡೆದದ್ದೆಂದು ಅನಿಸುವುದಿಲ್ಲ. ಹತ್ತಿಯ ಸುಗ್ಗಿ. ಬಯಲಿನ ಮೂಡಣ ತುದಿಯಲ್ಲಿ ಚಕ್ಕಡಿಗಳು ಬಂದು ಹತ್ತಿ ಸುರಿದು, ರಾಶಿ ಎರಡಾಳೆತ್ತರ ಏರಿತ್ತು. ಪಡುವಣ ತುದಿಯಲ್ಲಿ ಸುಣ್ಣ ಬಳಿದ ಗೋದಾಮು. ಯಾವ ಕಡೆ ಮುಖ ಮಾಡಿ ನಿಂತರೂ ಎದುರಿಗೆ ಬಿಳುಪು. ಬೌಲರನ ಕೈ ತಿರುಗುತ್ತಿತ್ತು, ಆ ಬಿಳುಪಿನೊಳಗಿಂದ ಕೆಂಪು ಚೆಂಡು ಅವಸರವಿಲ್ಲದೆ ತೇಲಿ ಬರುತ್ತಿತ್ತು. ನನಗೆ ಎಷ್ಟು ಹೊತ್ತು ಸಿಗುತ್ತಿತ್ತೆಂದರೆ, ಎಡಗಾಲು ಮುಂದಿಡಲೋ ಬಲಗಾಲು ಹಿಂದಿಡಲೋ ಎಂದು ನನ್ನೊಡನೆ ನಾನೇ ಮಾತಾಡಿಕೊಳ್ಳುತ್ತಿದ್ದೆ. ಗಾಳಿಗೆ ಎದ್ದ ಅರಳೆಯ ಎಳೆಗಳು ಚಾಪೆಯ ಮೇಲೆ ಇಳಿಯುತ್ತಿದ್ದವು. ಐದು ಆಟ ಆಡಿದೆ, ಐದರಲ್ಲೂ ಐವತ್ತು ದಾಟಿದೆ. ಊರಿನ ಹೋಟೆಲಿನವನು ನನಗೆ ಚಹಾದ ಜೊತೆ ಕೇಳದೆಯೇ ಮಿರ್ಚಿ ಇಡುವುದಕ್ಕೆ ಶುರು ಮಾಡಿದ. ನನಗೂ ತಲೆ ಸ್ವಲ್ಪ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ.

ಶಿವರಾತ್ರಿ ಕಳೆದ ಮೇಲೆ ಮೂರು ಊರಿನ ಢಾಲಿನ ಪಂದ್ಯಗಳು ಶುರುವಾದವು; ಢಾಲೆಂದರೆ ಗೆದ್ದವರು ವರ್ಷವಿಡೀ ಇಟ್ಟುಕೊಳ್ಳುವ ಶೀಲ್ಡು. ಸಿಂಧನೂರಿನ ಜಿನ್ನಿನವರು ನಾವು, ಮಸ್ಕಿಯಲ್ಲಿ ಬೀಡುಬಿಟ್ಟಿದ್ದ ಕಾಲುವೆ ಕೆಲಸದವರು, ಲಿಂಗಸೂಗೂರಿನ ಕಚೇರಿಯವರು. ಹಿಂದಿನ ವರ್ಷ ಢಾಲು ನಮ್ಮಲ್ಲಿತ್ತು. ಅದು ಇರುವ ತನಕ ತಂಡ ಇರುತ್ತದೆ ಎಂಬುದು ಸಾಹುಕಾರರ ಮನೆಯೊಳಗಿನ ಕರಾರು. ಅವರ ತಮ್ಮನಿಗೆ ಈ ಆಟವೆಂದರೆ ಆಗದು; ನೀರು ಬರುತ್ತದೆ, ಭತ್ತ ಬರುತ್ತದೆ, ಈ ಬಯಲಿನಲ್ಲಿ ಅಕ್ಕಿ ಗಿರಣಿ ಹಾಕೋಣ ಎಂದು ಅವನು ಕೂತಿದ್ದ. ಢಾಲು ಹೋದರೆ ಮೈದಾನ ಅವನದು.

ಮೊದಲು ಮಸ್ಕಿಗೆ ಹೋದೆವು. ಗುಡ್ಡದ ಬುಡದಲ್ಲಿ ಮೈದಾನ. ಬೌಲರನ ಬೆನ್ನ ಹಿಂದೆ ಒಂದರ ಮೇಲೊಂದು ಕೂತ ಕಂದು ಬಂಡೆಗಳು. ಕಾಲುವೆಯವರ ಓವರ್ಸಿಯರ್ ವೇಗವಾಗಿ ಚೆಂಡು ಹಾಕುವವರು, ತೆಲುಗು ಸೀಮೆಯಿಂದ ಬಂದ ಎತ್ತರದ ಆಳು. ಲೆಗ್ ಸ್ಟಂಪಿಗೆ ಗಾರ್ಡ್ ಪಡೆದು ನಿಂತೆ. ಅವರು ಓಡಿ ಬಂದದ್ದು ಕಂಡಿತು, ಕೈ ಎತ್ತಿದ್ದು ಕಂಡಿತು. ಆಮೇಲೆ ಏನೂ ಇಲ್ಲ. ಹಿಂದೆ ಮರದ ಸದ್ದಾಯಿತು. ತಿರುಗಿ ನೋಡಿದರೆ ನಡುವಿನ ಸ್ಟಂಪು ಮಲಗಿತ್ತು. ನಾವು ಸೋತೆವು.

ಮರಳಿ ಬರುವಾಗ ತಪ್ಪೆಲ್ಲ ಚಾಪೆಯದೇ ಎಂದು ವಾದಿಸಿದೆ. ಚಾಚಾನಿಗೆ ಸಿಟ್ಟು ಬಂತು. 'ಚಾಪಿ ಬಿಗಿನ ಇತ್ತು ಬೇಟಾ, ನಾ ಕೈಯಾಡಿಸಿ ನೋಡೀನಿ. ನಿನ್ನ ಬ್ಯಾಟು ಎಲ್ಲಿತ್ತು, ಅದನ್ನ ಹೇಳು' ಎಂದ.

ಆ ವಾರವಿಡೀ ಬೆಳಗಾಗುತ್ತಲೇ ಅಭ್ಯಾಸ. ಹಿಡಿತ ಬದಲಿಸಿದೆ. ಬ್ಯಾಟಿಗೆ ಅಗಸೆ ಎಣ್ಣೆ ಬಳಿದು ಒಣಗಿಸಿದೆ. ಜಿನ್ನಿನ ಫಿಟರ್ ನಮ್ಮ ವೇಗದ ಬೌಲರ್. ಅವನ ಕೈಯಲ್ಲಿ ದಿನಕ್ಕೆ ನೂರು ಚೆಂಡು ಹಾಕಿಸಿಕೊಂಡೆ. ಮಜಾ ನೋಡಿ, ಒಂದೂ ತಪ್ಪುತ್ತಿರಲಿಲ್ಲ. ಹತ್ತಿ ರಾಶಿಯ ಮುಂದಿನಿಂದ ಚೆಂಡು ಮೊದಲಿನಂತೆಯೇ ತೇಲಿ ಬರುತ್ತಿತ್ತು, ನಾನು ಮೊದಲಿನಂತೆಯೇ ಹೊಡೆಯುತ್ತಿದ್ದೆ. ಆದರೆ ಲಿಂಗಸೂಗೂರಿಗೆ ಹೋದರೆ, ಹಳೆಯ ಫೌಜಿನ ಬಯಲು, ಬೌಲರನ ಹಿಂದೆ ಸಾಲು ಹುಣಸೆ ಮರ, ಎರಡನೆಯ ಚೆಂಡಿಗೇ ಔಟು. ಉಳಿದವರು ಹೇಗೋ ಏಗಿ ಆ ಆಟ ಗೆದ್ದರು.

ಮಾರನೆಯ ದಿನ ಸಾಹುಕಾರರು ಗೋದಾಮಿನ ಮೆಟ್ಟಿಲಿಗೆ ಕರೆಸಿದರು.

'ಯಾರದರೆ ದೃಷ್ಟಿ ತಾಗೇತೇನಪಾ ನಿನಗ?' ಎಂದರು. 'ಮಠಕ್ಕ ಹೋಗಿ ಬ್ಯಾಟಿಗೆ ವಿಭೂತಿ ಹಚ್ಚಿಸ್ಕೊಂಡು ಬಾ. ಕಾಲುವಿಯವರ ಜೋಡಿ ಇಲ್ಲೇ ಒಂದಾಟ ಉಳದೈತಿ. ಅದು ಗೆದ್ರ ಢಾಲು ನಮ್ಮ ಕಡೀನ. ಸೋತ್ರ ನನ್ನ ತಮ್ಮ ಈ ಬಯಲಾಗ ಪಾಯಾ ತೋಡತಾನ. ಆಗ ನೀ ಕಾಟಾದ ಮುಂದ ಕುಂದರಬೇಕು, ನಿವೃತ್ತಿ ಆಗೋತನಕ.'

ಕಾಟಾದ ಮುಂದೆ ಕೂರುವುದು ಕೆಟ್ಟ ಕೆಲಸವೇನಲ್ಲ. ಆದರೆ ನನಗೆ ಬ್ಯಾಟ್ ಬಿಟ್ಟು ಬೇರೆ ಬದುಕು ಬೇಕಿರಲಿಲ್ಲ. ಹನ್ನೊಂದನೆಯ ವಯಸ್ಸಿನಿಂದ ನಾನು ಬೇರೆ ಯಾವುದನ್ನೂ ಆಸೆಪಟ್ಟವನಲ್ಲ. ಅಂದು ಮಠಕ್ಕೆ ಹೋಗಿ ಬ್ಯಾಟಿಗೆ ವಿಭೂತಿ ಹಚ್ಚಿಸಿಕೊಂಡೇ ಬಂದೆ.

ಆ ವಾರ ಹತ್ತಿ ಮುಗಿಯಿತು. ರಾಶಿಯೆಲ್ಲ ಜಿನ್ನಿನ ಹೊಟ್ಟೆ ಸೇರಿ, ಅಂಡಿಗೆ ಕಟ್ಟಿಸಿಕೊಂಡು ಲಾರಿ ಹತ್ತಿ ರಾಯಚೂರಿಗೆ ಹೋಯಿತು. ರಾಶಿ ಇದ್ದಲ್ಲಿ ಕರಿ ನೆಲ, ಅದರಾಚೆ ಬೇವಿನ ತೋಪು. ಮರುದಿನ ಬೆಳಿಗ್ಗೆ ಅದೇ ಚಾಪೆ, ಅದೇ ಫಿಟರ್. ಮೊದಲ ಚೆಂಡು ಸ್ಟಂಪಿಗೆ. ಎರಡನೆಯದು ನನ್ನ ಪಕ್ಕೆಗೆ. ಚಾಚಾ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದ.

'ತುದಿ ಬದಲಿ ಮಾಡು' ಎಂದ. ಗೋದಾಮಿನ ಗೋಡೆಯ ಕಡೆಯಿಂದ ಫಿಟರ್ ಹತ್ತು ಚೆಂಡು ಹಾಕಿದ. ಹತ್ತನ್ನೂ ಹೊಡೆದೆ. ಬೇವಿನ ತೋಪಿನ ಕಡೆಯಿಂದ ಮತ್ತೆ ಹತ್ತು. ಬ್ಯಾಟಿಗೆ ತಾಗಿದ್ದು ಎರಡು, ಅದೂ ದೈವವಶಾತ್.

ಚಾಚಾ ಪಿಚ್ಚಿನ ನಡುವೆ ಕುಕ್ಕರಗಾಲಲ್ಲಿ ಕುಳಿತ. 'ಅರೇ ಅಲ್ಲಾ! ಇಷ್ಟು ದಿನ ರನ್ನು ಮಾಡಿದ್ದು ನೀ ಅಲ್ಲೋ, ಹತ್ತಿ!'

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. 'ನನಗ ಎಂದೋ ಗೊತ್ತಿತ್ರೀ. ಹೋದ ವಾರ ಮೋಟಾರ್ ಸ್ಟ್ಯಾಂಡಿನ್ಯಾಗ, ಲಿಂಗಸೂಗೂರ ಬಸ್ಸಿನ ಡ್ರೈವರ್ ಮೀಸಿ ಬೋಳಿಸ್ಯಾನ ನೋಡ್ರಿ ಅಂದ್ನಿ. ನೀವು, ಬಸ್ಸರೆ ಎಲ್ಲಿ ಐತಿ ಅಂದ್ರಿ. ಅಂಥಾ ಕಣ್ಣು ಚೆಂಡು ಹೆಂಗ ನೋಡತಾವ ಅಂತ ನಾನೂ ಭಾಳ ವಿಚಾರ ಮಾಡಿದ್ನಿ.'

'ಮತ್ತೆ ಹೇಳಲಿಲ್ಲ ಯಾಕೆ?'

'ಐವತ್ತು ಐವತ್ತು ಹೊಡೀಲಿಕ್ಕತ್ತಿದ್ರಿ. ಏನಂತ ಹೇಳ್ಲಿ?'

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಚೆನ್ನಾಗಿಯೇ ಇದ್ದ ಕಣ್ಣು. ಐದು ವರ್ಷದಲ್ಲಿ ಗೊತ್ತಾಗದ ಹಾಗೆ ಮಂಜಾಗಿತ್ತು. ದೂರದ್ದೆಲ್ಲ ಹಾಲಿನಲ್ಲಿ ಅದ್ದಿದಂತೆ ಕಾಣುವುದೇ ಲೋಕರೂಢಿ ಎಂದು ತಿಳಿದಿದ್ದೆ. ಕನ್ನಡಕಕ್ಕೆ ರಾಯಚೂರಿಗೆ ಹೋಗಿ ಅಳತೆ ಕೊಟ್ಟರೆ ಹದಿನೈದು ದಿನ ಬೇಕು. ಆಟಕ್ಕೆ ಉಳಿದದ್ದು ಆರು ದಿನ.

ಉಪಾಯ ಹೇಳಿದವನು ಚಾಚಾ. ಬೇವಿನ ತೋಪಿನ ಮುಂದೆ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟುವುದು. ಯಾರಾದರೂ ಕೇಳಿದರೆ ಧೂಳಿಗೆ ಎನ್ನುವುದು. 'ನಮ್ಮ ಬ್ಯಾಟಿಂಗ್ ಮುಗದ ಮ್ಯಾಲ ಬಿಚ್ಚಿ ಮಡಚಿ ಇಡೂಣು. ಯಾರಿಗೆ ತಿಳೀತೈತಿ?'

ನಮಗಿಬ್ಬರಿಗೂ ಅದು ಮೋಸವೆಂದೇ ಅನಿಸಿತ್ತು. ಬೌಲರನ ಬೆನ್ನಿಗೆ ಬಟ್ಟೆ ಕಟ್ಟಿ ಅವನ ಚೆಂಡು ಹಿಡಿದುಕೊಡುವುದು ಕಳ್ಳನಿಗೆ ದೀಪ ತೋರಿಸಿದಂತೆಯೇ ಅಲ್ಲವೇ? ಹೀಗೊಂದು ಪರದೆ ಎಲ್ಲಿಯಾದರೂ ಇರುತ್ತದೆ ಎಂದು ನಾವು ಕಂಡಿರಲಿಲ್ಲ, ಕೇಳಿರಲಿಲ್ಲ. ರಾಯಚೂರಿನ ರೈಲ್ವೆ ಬಯಲಿನಲ್ಲಿ ಬೌಲರನ ಹಿಂದೆ ಎಮ್ಮೆ ಮೇಯುತ್ತಿದ್ದವು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸೈಕಲ್ಲು ಹತ್ತಿ ಗೊರೇಬಾಳಕ್ಕೆ ಹೊರಟೆ. ಎದುರಾಳಿಯನ್ನೇ ಕೇಳಿಬಿಡುವುದು, ಬೇಡವೆಂದರೆ ಕುರುಡನಂತೆ ನಿಂತು ಔಟಾಗುವುದು.

ಗೊರೇಬಾಳದ ಹತ್ತಿರ ಕಾಲುವೆ ಅಗೆಯುತ್ತಿದ್ದರು. ನೀರಿಲ್ಲದ ದೊಡ್ಡ ಹೊಳೆಯೊಂದು ನೆಲದಲ್ಲಿ ಮಲಗಿದ ಹಾಗೆ ಕಾಣುತ್ತಿತ್ತು. ದಂಡೆಯ ಮೇಲೆ ಓವರ್ಸಿಯರು ಮೂರು ಕಾಲಿನ ದುರ್ಬೀನು ನಿಲ್ಲಿಸಿ ಮಟ್ಟ ನೋಡುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕಣ್ಣಿನ ವಿಷಯವನ್ನೂ. ಅವರು ದುರ್ಬೀನಿನಿಂದ ಪಕ್ಕಕ್ಕೆ ಸರಿದು, 'ಇಲ್ಲಿ ಕಣ್ಣಿಡಿ' ಎಂದು ಒಂದು ತಿರುಪು ತಿರುಗಿಸಿದರು.

ಆ ಗಳಿಗೆಯನ್ನು ಹೇಗೆ ಹೇಳಲಿ! ಲೋಕ ತಲೆಕೆಳಗಾಗಿ ನಿಂತಿತ್ತು. ಆ ದುರ್ಬೀನುಗಳು ಹಾಗೆಯೇ ತೋರಿಸುತ್ತಿದ್ದವಂತೆ. ಫರ್ಲಾಂಗು ದೂರದಲ್ಲಿ ಮಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಆಕಾಶಕ್ಕೆ ತಲೆ ತೂಗುಹಾಕಿ ನಡೆಯುತ್ತಿದ್ದಳು. ಅವಳ ಕೈಯ ಹಸಿರು ಬಳೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಬೇವಿಗೆ ಎಲೆ ಎಲೆಯೂ ಇತ್ತು. ಐದು ವರ್ಷ ನಾನು ಇದನ್ನೆಲ್ಲ ಕಳೆದುಕೊಂಡಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂದು ದುರ್ಬೀನೂ ಮಂಜಾಯಿತು.

'ಅದರಲ್ಲಿ ಮೋಸ ಎಲ್ಲಿ ಬಂತು ಮಹಾರಾಯಾ?' ಓವರ್ಸಿಯರು ನಗುತ್ತಿದ್ದರು. 'ಮದರಾಸಿನಲ್ಲಿ ದೊಡ್ಡ ದೊಡ್ಡ ಹಲಗೆಗೆ ಬಿಳಿ ಬಣ್ಣ ಬಳಿದು ಬೌಲರ್ ಹಿಂದೆ ನಿಲ್ಲಿಸ್ತಾರೆ. ಎರಡೂ ತಂಡಕ್ಕೂ ಅದೇ. ನೀವೂ ಕಟ್ಟಿ. ಒಂದೇ ಮಾತು, ಬೆಳಿಗ್ಗೆ ಕಟ್ಟಿದ್ದು ಸಂಜೆ ತನಕ ಇರಬೇಕು.'

'ಇರ್ತದ' ಎಂದೆ.

ಸಾಹುಕಾರರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಪೂರ್ತಿ ಕೇಳಿಸಿಕೊಂಡು ಹಣೆ ಹಣೆ ಬಡಿದುಕೊಂಡರು. 'ಕಣ್ಣಿಲ್ಲದವನ್ನ ಹುಡುಕಿ ಹುಡುಕಿ ತಂದೀನಲ್ಲೋ ಶಿವನ! ಅದೂ ಹೋಗಲಿ, ವೈರಿ ಮನಿಗೇ ಹೋಗಿ ಹೇಳಿ ಬಂದೀಯಲ್ಲ, ನಿನಗೇನರೆ ಬುದ್ಧಿ ಐತೇನು?' ಆಮೇಲೆ ಒಳಗೆ ಹೋಗಿ ತಮ್ಮ ನಾಲ್ಕು ಧೋತರ ತಂದು ಕೊಟ್ಟರು. ನನ್ನ ಹೆಂಡತಿ ಅವನ್ನು ಉದ್ದಕ್ಕೆ ಜೋಡಿಸಿ ಹೊಲಿದಳು. ಚಾಚಾ ಎರಡು ಗಳ ನೆಟ್ಟು, ಮೇಲಿನ ಎರಡು ಮೂಲೆಗೆ ಹಗ್ಗ ಬಿಗಿದ.

ಆಟದ ದಿನ ಮೊದಲು ನಮ್ಮ ಬ್ಯಾಟಿಂಗ್. ಓವರ್ಸಿಯರು ಪರದೆಯ ತುದಿಯಿಂದಲೇ ಓಡಿ ಬಂದರು. ಧೋತರದ ಬಿಳುಪಿನೊಳಗಿಂದ ಚೆಂಡು ಹೊರಟಿತು, ಕೆಂಪಗೆ, ತೇಲುತ್ತ. ಎಡಗಾಲು ಮುಂದೆ ಹೋಯಿತು. ಬ್ಯಾಟು ಇಳಿಯಿತು. ಗೋದಾಮಿನ ಮೆಟ್ಟಿಲಿಂದ 'ಆಹಾ, ಈಗ ನೋಡು!' ಕೇಳಿಸಿತು. ಆಮೇಲೆ ಕೆಲವು ಗಂಟೆ ನಾನು ಎಲ್ಲಿದ್ದೆ ಎಂದು ನನಗೇ ಗೊತ್ತಿಲ್ಲ. ಬಿಸಿಲಿಗೆ ಬಯಲಿನ ಅಂಚು ನೀರಾಗಿ ಅಲುಗುತ್ತಿತ್ತು, ಅದರ ಮೇಲೆ ಫೀಲ್ಡರುಗಳು ದೋಣಿಯಲ್ಲಿ ನಿಂತವರಂತೆ ಕಾಣುತ್ತಿದ್ದರು. ಜಿನ್ನು ನಿಂತಿತ್ತು, ಊರು ಮಲಗಿದಂತಿತ್ತು. ಚಾಪೆಯ ಮೇಲೆ ಚೆಂಡು ಬೀಳುವ ಸದ್ದು, ಬ್ಯಾಟಿನ ಸದ್ದು, ಇವೆರಡೇ ಇದ್ದವು. ಎಪ್ಪತ್ತೊಂದಕ್ಕೆ ಓವರ್ಸಿಯರ ಕೈಗೇ ಕ್ಯಾಚು ಕೊಟ್ಟೆ. ನಮ್ಮದು ನೂರ ನಲವತ್ತೊಂಬತ್ತು.

ಊಟದ ಹೊತ್ತಿಗೆ ಚಾಚಾ ಗಳದ ಹತ್ತಿರ ನಿಂತು ನನ್ನ ಕಡೆ ಹುಬ್ಬು ಹಾರಿಸಿದ. ಬೇಡವೆಂದು ತಲೆಯಾಡಿಸಿದೆ. ಅವನು ಬೀಡಿ ಹಚ್ಚಿ ಆ ಕಡೆ ಮುಖ ತಿರುಗಿಸಿದ.

ಕಾಲುವೆಯವರಿಗೂ ಚೆಂಡು ಚೆನ್ನಾಗಿಯೇ ಕಂಡಿರಬೇಕು. ಸಂಜೆ ಬಿಸಿಲು ಇಳಿಯುವಾಗ ಅವರಿಗೆ ಒಂಬತ್ತು ವಿಕೆಟ್ಟು ಹೋಗಿತ್ತು, ಗೆಲ್ಲಲು ಮೂರು ರನ್ನು ಬೇಕಿತ್ತು. ಬ್ಯಾಟ್ ಹಿಡಿದು ನಿಂತವರು ಓವರ್ಸಿಯರು. ನಮ್ಮ ಫಿಟರ್ ಪರದೆಯ ತುದಿಯಿಂದ ಚೆಂಡು ಹಾಕುತ್ತಿದ್ದ. ದೂರಕ್ಕೆ ಕಣ್ಣಿಲ್ಲದ ನನ್ನನ್ನು, ನೇರ ಹೊಡೆದ ಚೆಂಡನ್ನಷ್ಟೇ ತಡೆಯಲೆಂದು, ಬೌಂಡರಿಯಲ್ಲಿ ಪರದೆಯ ಮುಂದೆಯೇ ನಿಲ್ಲಿಸಿದ್ದರು.

ಎಲ್ಲಿತ್ತೋ, ಬೇವಿನ ತೋಪಿನಿಂದ ಒಂದು ಸುಳಿಗಾಳಿ ಎದ್ದು ಬಂತು. ಪರದೆ ಉಬ್ಬಿತು, ಬಲಗಡೆಯ ಹಗ್ಗ ಬಿಚ್ಚಿತು, ಧೋತರ ಜಾರಿ ಎಡಗಳಕ್ಕೆ ಜೋತುಬಿತ್ತು. ಧೂಳು ಇಳಿಯಿತು. ಬೌಲರನ ಹಿಂದೆ ಈಗ ಬರೀ ಮರಗಳು.

ಓವರ್ಸಿಯರು ಕೈ ಎತ್ತಲಿಲ್ಲ, ನಿಲ್ಲಿಸಿ ಎನ್ನಲಿಲ್ಲ. ಅವರ ಮುಖ ನನಗೆ ಅಷ್ಟು ದೂರದಿಂದ ಕಾಣುವಂತಿರಲಿಲ್ಲ. ಬಾಗಿ ನಿಂತ ಒಂದು ಆಕಾರ ಮಾತ್ರ. ಮರಗಳ ಕತ್ತಲೊಳಗಿಂದ ಚೆಂಡು ಬರುವುದೆಂದರೆ ಏನೆಂದು ಆ ಬಯಲಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಫಿಟರ್ ಓಟಕ್ಕೆ ತಿರುಗಿದ್ದ. ಹಿಂದಿನಿಂದ ಚಾಚಾ ಪಿಸುಗುಟ್ಟುವಷ್ಟು ಸಣ್ಣಗೆ ಕೂಗಿದ: 'ಬಿಡು ಬೇಟಾ! ಗಾಳಿ ಮಾಡೈತಿ, ನಾವು ಮಾಡಿಲ್ಲ! ಬಿಡು!'

ಖರೇ, ನಾವು ಮಾಡಿರಲಿಲ್ಲ. ಒಂದೇ ಒಂದು ಚೆಂಡು. ಮೈದಾನ ಉಳಿಯುತ್ತದೆ, ನನ್ನ ಬ್ಯಾಟು ಉಳಿಯುತ್ತದೆ. ಇಷ್ಟನ್ನೂ ಯೋಚಿಸಿದೆ, ಯೋಚಿಸುತ್ತಲೇ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ ನೆಲದ ಮೇಲಿದ್ದ ಮೂಲೆಯನ್ನು ಎತ್ತಿಕೊಂಡೆ. ಬಲಗಳದ ಪಕ್ಕ ಪರದೆಯ ಹಿಂದೆ ನಿಂತು, ತುದಿಗಾಲ ಮೇಲೆ ಎರಡೂ ಕೈ ಎತ್ತಿ, ಬಟ್ಟೆಯನ್ನು ಎಳೆದು ಹಿಡಿದೆ.

ಮುಖದ ಮುಂದೆ ಧೋತರ. ಪಡುವಣದ ಬಿಸಿಲೆಲ್ಲ ಅದರೊಳಗೆ ಇಳಿದು, ನನ್ನ ಸುತ್ತ ಬೆಳ್ಳಗೆ ಬೆಚ್ಚಗಿತ್ತು. ಏನೂ ಕಾಣುತ್ತಿರಲಿಲ್ಲ. ಫಿಟರನ ಹೆಜ್ಜೆಗಳು ಕೇಳಿಸಿದವು, ಒಂದೊಂದಾಗಿ, ನನ್ನಿಂದ ದೂರ ಹೋಗುತ್ತ. ಚಾಪೆಯ ಮೇಲೆ ಚೆಂಡು ಬಿತ್ತು. ಆಮೇಲೆ ಬ್ಯಾಟಿನ ಸದ್ದು. ಹನ್ನೊಂದನೆಯ ವಯಸ್ಸಿನಿಂದ ಕೇಳುತ್ತ ಬಂದ ಸದ್ದು. ನಟ್ಟನಡುವಿಗೆ ಬಡಿದದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಚೆಂಡು ಧೋತರದ ಕೆಳಗಿಂದ ನುಸುಳಿ, ನನ್ನ ಎರಡು ಕಾಲುಗಳ ನಡುವೆ ಹಾದು ಬೇವಿನ ತೋಪಿಗೆ ಹೋಯಿತು. ಬೌಂಡರಿಯಲ್ಲಿ ನನ್ನ ಜಾಗದಲ್ಲೇ ನಿಂತಿದ್ದರೆ ಕಾಲಲ್ಲೇ ತಡೆಯಬಹುದಿತ್ತು.

ಆ ಕಡೆ ಕಾಲುವೆಯವರ ಗೆಲುವಿನ ಕೂಗು ಎದ್ದಿತು. ನಾನು ಕೈ ಇಳಿಸಲಿಲ್ಲ. ಎಷ್ಟು ಹೊತ್ತಾಯಿತೋ, ಚಪ್ಪಲಿಯ ಸದ್ದು ಹತ್ತಿರ ಬಂತು. ಸಾಹುಕಾರರು ಪರದೆಯ ಹಿಂದಕ್ಕೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ವಿಭೂತಿ ಬೆವರಿಗೆ ಕರಗಿತ್ತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

'ಕೈ ಇಳಸಪಾ, ಮುಗೀತು' ಎಂದರು. 'ಹೊಲಿಗಿ ಬಿಚ್ಚಿಸಿ, ಧೋತರ ಒಗಸಿ ಕೊಡು. ನಾಳಿಂದ ಕಾಟಾಕ ಬಾ.'

'ಆತ್ರೀ' ಎಂದೆ. ಅಳು ಬಂತು, ಆದರೆ ನಾಚಿಕೆಯಾಗಲಿಲ್ಲ. ಸಾಹುಕಾರರು ಎರಡು ಹೆಜ್ಜೆ ಹೋದವರು ನಿಂತರು. ತಿರುಗಿ ಬಂದು, ಬಟ್ಟೆಯ ಇನ್ನೊಂದು ತುದಿಯನ್ನು ತಾವೇ ಬಿಚ್ಚಿಕೊಂಡರು. ನಾವಿಬ್ಬರೂ ಎದುರುಬದುರು ನಿಂತು, ಅದನ್ನು ನೆಲಕ್ಕೆ ತಾಗಿಸದೆ ಮಡಚಿದೆವು.